ಇನ್ಸುಲಿನ್ ಹಾಕ್ತಾ ಇರುವಾಗ ಸಿ-ಪೆಪ್ಟೈಡ್ ಟೆಸ್ಟ್ ಯಾಕೆ?

ಪ್ರಶ್ನೆ (ಶಂಕರಪುರ, ಉಡುಪಿ): ನಮಸ್ಕಾರ ಮೇಡಂ. ಮಗನಿಗೆ 17 ವರ್ಷ. ಮೂರು ತಿಂಗಳಿಂದ ಇನ್ಸುಲಿನ್ ಹಾಕ್ತಾ ಇದ್ದೇವೆ. ಈಗ ಡಾಕ್ಟ್ರು ಸಿ-ಪೆಪ್ಟೈಡ್ ಟೆಸ್ಟ್ ಬರೆದಿದ್ದಾರೆ. ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಅಂತಲೇ ನೋಡಬಹುದಲ್ವಾ? ನಾನು ಮನೆಯಲ್ಲಿ ಮಲ್ಲಿಗೆ ಕಟ್ಟುವವಳು, ನನಗೆ ಅರ್ಥ ಆಗುವ ಹಾಗೆ ಹೇಳಿ.

ಉತ್ತರ (ಬಯೋಕೆಮಿಸ್ಟ್ರಿ ಡಾಕ್ಟರ್, ಮಂಗಳೂರು): ಅಕ್ಕ, ಬರೀ ಇನ್ಸುಲಿನ್ ಅಳೆದರೆ ಸಿರಿಂಜಿನಿಂದ ಹೋದದ್ದು ಎಷ್ಟು, ಮಗನ ಮೈಯಲ್ಲೇ ಹುಟ್ಟಿದ್ದು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಸಿ-ಪೆಪ್ಟೈಡ್ ಅದನ್ನು ಹೇಳುತ್ತದೆ.

ಇನ್ಸುಲಿನ್ ಒಂದು ಪ್ರೋಟೀನ್. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಅದನ್ನು ಮಾಡುತ್ತವೆ. ಕೋಶದ ಒಳಗಿನ ಡಿಎನ್‌ಎಯಿಂದ ಎಂಆರ್‌ಎನ್‌ಎ ಎಂಬ ನಕಲು ಚೀಟಿ ಬರುತ್ತದೆ. ಅದನ್ನು ಓದುತ್ತಾ ರೈಬೋಸೋಮ್ ಅಮೈನೋ ಆಮ್ಲಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತದೆ. ನೀವು ಬಾಳೆನಾರಿನಲ್ಲಿ ಮೊಗ್ಗು ಕಟ್ಟುವ ಹಾಗೆಯೇ. ಆದರೆ ಇಲ್ಲಿ ಮೊಗ್ಗಿನಲ್ಲಿ 20 ಬಗೆ, ಕ್ರಮವೂ ತಪ್ಪಬಾರದು.

ಚೀಟಿಯಲ್ಲಿ 110 ಅಮೈನೋ ಆಮ್ಲಗಳ ಲೆಕ್ಕ ಇರುತ್ತದೆ. ಮೊದಲ 24 ವಿಳಾಸ ಇದ್ದ ಹಾಗೆ. ಆ ವಿಳಾಸ ಕಂಡ ಕೂಡಲೇ ಕೋಶ ರೈಬೋಸೋಮನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಹತ್ತಿರ ತರುತ್ತದೆ. ಮಾಲೆ ಕಟ್ಟುತ್ತಿರುವಾಗಲೇ ಪೊರೆಯ ತೂತಿನಿಂದ ಒಳಗೆ ಇಳಿಯುತ್ತದೆ, ವಿಳಾಸದ ತುಂಡು ಅಲ್ಲೇ ಕತ್ತರಿಸಿ ಹೋಗುತ್ತದೆ. ಉಳಿದ 86ರ ಮಾಲೆಯೇ ಪ್ರೋಇನ್ಸುಲಿನ್.

ಈಗ ಅದು ಸರಿಯಾಗಿ ಮಡಚಿಕೊಳ್ಳಬೇಕು. ಮೂರು ಕಡೆ ಗಂಧಕದ ಗಂಟು ಬೀಳಬೇಕು. ಎರಡು ತುದಿಗಳೂ ಎದುರುಬದುರು ಬಂದು ನಿಲ್ಲುವ ಹಾಗೆ ಮಾಡುವುದು ನಡುವಿನ ತುಂಡು. ಅದೇ ನಿಮ್ಮ ಸಿ-ಪೆಪ್ಟೈಡ್! ಗಂಟು ಬಿದ್ದ ಮೇಲೆ ಮಾಲೆ ಗಾಲ್ಜಿ ಎಂಬ ಭಾಗಕ್ಕೆ ಹೋಗಿ, ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಕೊಳ್ಳುತ್ತದೆ. ಚೀಲದ ಒಳಗೆ ನಡುವಿನ ತುಂಡನ್ನು ಕತ್ತರಿಸಿದರೆ 51ರ ಇನ್ಸುಲಿನ್ ಒಂದು, 31ರ ಸಿ-ಪೆಪ್ಟೈಡ್ ಒಂದು; ಕತ್ತರಿಸಿದ ಜಾಗದ 4 ಉದುರಿ ಹೋಗುತ್ತವೆ. ಎರಡೂ ಅದೇ ಚೀಲದಲ್ಲಿ ಕಾಯುತ್ತವೆ. ಊಟ ಮಾಡಿ ಶುಗರ್ ಏರಿದಾಗ ಚೀಲ ಕೋಶದ ಅಂಚಿಗೆ ಅಂಟಿ ತೆರೆದುಕೊಳ್ಳುತ್ತದೆ. ಎರಡೂ ಸಮಸಮವಾಗಿ ರಕ್ತಕ್ಕೆ ಬೀಳುತ್ತವೆ.

ನೀವು ಹಾಕುವ ಇಂಜೆಕ್ಷನ್‌ನಲ್ಲಿ ಇನ್ಸುಲಿನ್ ಮಾತ್ರ ಇದೆ, ಈ ತುಂಡು ಇಲ್ಲ. ಹಾಗಾಗಿ ರಕ್ತದಲ್ಲಿ ಸಿ-ಪೆಪ್ಟೈಡ್ ಸಿಕ್ಕರೆ ಅದು ಮಗನ ಕೋಶಗಳೇ ಮಾಡಿದ್ದು. ಇನ್ನೊಂದು ಅನುಕೂಲ: ಇನ್ಸುಲಿನ್ ಕೆಲವೇ ನಿಮಿಷಗಳಲ್ಲಿ ಕರಗಿ ಹೋಗುತ್ತದೆ, ಸಿ-ಪೆಪ್ಟೈಡ್ ಅದಕ್ಕಿಂತ ಜಾಸ್ತಿ ಹೊತ್ತು ಉಳಿಯುತ್ತದೆ.

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ, ಸುರತ್ಕಲ್): ಮೇಡಂ, ಆ ವಿಳಾಸ ಎಲ್ಲಾ ಪ್ರೋಟೀನ್‌ಗಳಲ್ಲೂ ಇರುತ್ತದಾ?

ಉತ್ತರ: ಇಲ್ಲಮ್ಮ. ಹಿಮೋಗ್ಲೋಬಿನ್ ಕೋಶದ ಒಳಗೇ ಉಳಿಯುವಂಥದ್ದು, ಅದಕ್ಕೆ ಬೇಡ. ಮೈಟೋಕಾಂಡ್ರಿಯಾಕ್ಕೆ ಹೋಗುವವಕ್ಕೆ ಬೇರೆಯೇ ವಿಳಾಸ. ವಿಳಾಸ ಪ್ರೋಟೀನಿನ ಮೈಯಲ್ಲೇ ಇದೆ ಎಂದು ತೋರಿಸಿದ ಗುಂಟರ್ ಬ್ಲೋಬೆಲ್‌ಗೆ 1999ರಲ್ಲಿ ನೊಬೆಲ್ ಬಂತು. ಚೀಲಗಳ ಸಾಗಾಟ ಬಿಡಿಸಿದ ರಾಥ್‌ಮನ್, ಶೆಕ್‌ಮನ್, ಸುಡಾಫ್ ಮೂವರಿಗೆ 2013ರಲ್ಲಿ. ಪಠ್ಯದಲ್ಲಿ ಒಂದೇ ಸಾಲು ಇದ್ದರೂ ಇದನ್ನು ಬಿಡಬೇಡ, ಚಿತ್ರ ಬರೆದು ಕಲಿ.

ಪ್ರಶ್ನೆ (ಶಂಕರಪುರ): ಮೇಡಂ, ಸಂಖ್ಯೆ ಚೆನ್ನಾಗಿ ಬಂದರೆ ಇಂಜೆಕ್ಷನ್ ಬಿಡಬಹುದಾ? ಕಮ್ಮಿ ಬಂದರೆ ಹೆದರಬೇಕಾ?

ಉತ್ತರ: ನೀವಾಗಿಯೇ ಬಿಡಬೇಡಿ ಅಕ್ಕ, ಒಂದು ಹೊತ್ತಿನದ್ದೂ ಬೇಡ. ಟೈಪ್ 1 ಸಕ್ಕರೆ ಕಾಯಿಲೆ ಆದರೂ ಶುರುವಿನ ತಿಂಗಳುಗಳಲ್ಲಿ ಉಳಿದ ಬೀಟಾ ಕೋಶಗಳು ಸ್ವಲ್ಪ ಕೆಲಸ ಮಾಡುವುದುಂಟು. ಆಗ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಆಮೇಲೆ ಇಳಿಯುತ್ತದೆ. ಕಮ್ಮಿ ಬಂದರೆ ಸಾಮಾನ್ಯವಾಗಿ ಕೋಶಗಳು ಸೋತಿವೆ ಅಂತ ಅರ್ಥ. ಅದು ನಿಮ್ಮ ಅಡುಗೆಯಿಂದ ಆದದ್ದಲ್ಲ, ಮಗ ತಿಂದ ಸಿಹಿಯಿಂದಲೂ ಅಲ್ಲ. ಟೈಪ್ 1ರಲ್ಲಿ ಮೈಯ ರಕ್ಷಣಾ ಪಡೆಯೇ ಆ ಕೋಶಗಳನ್ನು ಹೊಡೆಯುತ್ತದೆ. ರಕ್ತ ಕೊಡುವಾಗ ಅದೇ ಹೊತ್ತಿನ ಶುಗರ್ ಕೂಡ ನೋಡಲು ಹೇಳಿ. ಶುಗರ್ ತುಂಬಾ ಇಳಿದಿದ್ದರೆ ಸಿ-ಪೆಪ್ಟೈಡ್ ಸಹಜವಾಗಿಯೇ ಕಮ್ಮಿ ಇರುತ್ತದೆ. ಕಿಡ್ನಿ ತೊಂದರೆ ಇದ್ದರೆ ಜಾಸ್ತಿ ತೋರಿಸುತ್ತದೆ, ಅದನ್ನೂ ಡಾಕ್ಟ್ರಿಗೆ ತಿಳಿಸಿ. ಖಾಲಿ ಹೊಟ್ಟೆಯಲ್ಲಿ ಬರಬೇಕಾ, ಊಟ ಆದ ಮೇಲಾ, ಆ ದಿನದ ಇಂಜೆಕ್ಷನ್ ಯಾವಾಗ ಹಾಕಬೇಕು, ಇಷ್ಟನ್ನು ಇವತ್ತೇ ಫೋನ್ ಮಾಡಿ ಕೇಳಿಕೊಳ್ಳಿ.