ಪಂಚಾತಿಕೆ ಮಾಡಲು ಡಿಗ್ರಿ ಯಾಕೆ?

ಕಳೆದ ವಾರದ ಸಮಸ್ಯೆ: ಬಿ.ಎ. ಮುಗಿಸಿದ ಮಗಳು ಶಾಂತಿ ಮತ್ತು ಸಂಘರ್ಷ ಅಧ್ಯಯನದಲ್ಲಿ ಎಂ.ಎ. ಮಾಡುತ್ತೇನೆ ಅನ್ನುತ್ತಾಳೆ. ‘ಪಂಚಾತಿಕೆ ಮಾಡಲು ಡಿಗ್ರಿ ಯಾಕೆ? ಬಿ.ಎಡ್. ಮಾಡು’ ಅನ್ನುತ್ತಾರೆ ನಮ್ಮವರು. ತಿಂಗಳಿಂದ ಅಪ್ಪ, ಮಗಳು ಮಾತು ಬಿಟ್ಟಿದ್ದಾರೆ. ನಾನೇನು ಮಾಡಲಿ?
– ಒಬ್ಬ ತಾಯಿ, ಉಡುಪಿ

ಅಮ್ಮಾ, ನಾನು ಮೂವತ್ತು ವರ್ಷ ಸಿವಿಲ್ ಕೇಸು ನಡೆಸಿದವನು. ಒಂದು ಕೇಸು ಈಗಲೂ ಕಾಡುತ್ತದೆ. ಅಣ್ಣ ತಮ್ಮಂದಿರ ನಡುವೆ ಅಡಿಕೆ ತೋಟದ ದಾರಿಯ ತಕರಾರು. ಹನ್ನೊಂದು ವರ್ಷ ಎಳೆಯಿತು. ನನ್ನ ಕಕ್ಷಿಗಾರ ಅಣ್ಣ ಗೆದ್ದ. ಆಮೇಲೊಮ್ಮೆ ತಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ‘ದಾರಿ ಬಿಡಲು ನನಗೇನೂ ಕಷ್ಟ ಇರಲಿಲ್ಲ ಸ್ವಾಮಿ. ಅಪ್ಪನ ಬೊಜ್ಜದ (ಉತ್ತರಕ್ರಿಯೆಯ) ಏರ್ಪಾಡು ಮಾಡುವಾಗ ಅಣ್ಣ ನನ್ನನ್ನು ಒಂದು ಮಾತು ಕೇಳಲಿಲ್ಲ’ ಅಂದ. ಅಷ್ಟು ವರ್ಷ ಯಾರೂ ಅವನ ಮನಸ್ಸಿನಲ್ಲಿರುವುದನ್ನು ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ನಿಮ್ಮ ಮಗಳು ಕಲಿಯಹೊರಟಿರುವುದು ಹೀಗೆ ಕೇಳುವುದನ್ನೇ. ಪಂಚಾತಿಕೆಯಲ್ಲಿ ಹಿರಿಯರು ತೀರ್ಮಾನ ಹೇಳುತ್ತಾರೆ, ಇಬ್ಬರೂ ತಲೆಯಾಡಿಸಿ ಏಳುತ್ತಾರೆ. ಮಧ್ಯಸ್ಥಿಕೆಯಲ್ಲಿ ನಡುವೆ ಕೂತವರು ತೀರ್ಮಾನ ಹೇಳುವಂತಿಲ್ಲ. ಒಬ್ಬೊಬ್ಬರನ್ನೇ ಕೂರಿಸಿ ಕೇಳಬಹುದು. ಅಲ್ಲಿ ಆಡಿದ ಮಾತನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಮುಟ್ಟಿಸಬಾರದು. ಪರಿಹಾರಕ್ಕೆ ಒಪ್ಪಬೇಕಾದವರು ಆ ಇಬ್ಬರೇ. ಬೆಂಗಳೂರಿನಲ್ಲಿ ಹೈಕೋರ್ಟಿನ ಮಧ್ಯಸ್ಥಿಕೆ ಕೇಂದ್ರ 2007ರಲ್ಲೇ ಶುರುವಾಯಿತು. 2023ರಲ್ಲಿ ಇದಕ್ಕೆಂದೇ ದೇಶಕ್ಕೊಂದು ಕಾಯ್ದೆ ಬಂತು. ಯಜಮಾನರಿಗೆ ಇದನ್ನು ಓದಿ ಹೇಳಿ.
– ನಿವೃತ್ತ ವಕೀಲ, ಕದ್ರಿ, ಮಂಗಳೂರು

ನಾನು ಈ ವಿಷಯ ಓದಿದವಳು. ಬಿ.ಎಡ್. ಥರ ಇಂಥದ್ದೇ ಕೆಲಸ ಅಂತ ಇಲ್ಲಿಲ್ಲ. ಅಪ್ಪನ ಚಿಂತೆ ಸುಮ್ನೆ ಅಲ್ಲ, ನನಗೂ ಕೆಲಸಕ್ಕೆ ಒಂದೂವರೆ ವರ್ಷ ಕಾಯಬೇಕಾಯಿತು. ಆದರೂ ಓದಿದ್ದಕ್ಕೆ ಬೇಸರವಿಲ್ಲ.

1959ರಲ್ಲಿ ಓಸ್ಲೋದಲ್ಲಿ ಶಾಂತಿ ಸಂಶೋಧನಾ ಸಂಸ್ಥೆ ಕಟ್ಟಿದವರು ನಾರ್ವೆಯ ಯೋಹಾನ್ ಗಾಲ್ಟುಂಗ್. ಹೊಡೆದಾಟ ನಿಂತ ಮಾತ್ರಕ್ಕೆ ಶಾಂತಿ ಪೂರ್ತಿಯಾಗುವುದಿಲ್ಲ, ಅದರ ಹಿಂದಿನ ಅನ್ಯಾಯವೂ ಹೋಗಬೇಕು ಅಂದವರು ಅವರು. ಕ್ಲಾಸಿನಲ್ಲಿ ಇದನ್ನು ಕೇಳುವಾಗ ನನಗೆ ನಮ್ಮ ಕರಾವಳಿಯೇ ಕಣ್ಣ ಮುಂದೆ ಬಂತು. ನಿಷೇಧಾಜ್ಞೆ ಹಾಕಿದ ದಿನ ರಸ್ತೆ ತಣ್ಣಗಿರುತ್ತದೆ. ವಾರದಲ್ಲಿ ಅಂಗಡಿಗಳೂ ತೆರೆಯುತ್ತವೆ. ಆದರೆ ಮೊನ್ನೆವರೆಗೆ ಲೆಕ್ಕದ ಪುಸ್ತಕವಿಟ್ಟು ಸಾಲ ಕೊಡುತ್ತಿದ್ದ ಅಂಗಡಿಗೆ ಹೋಗಲು ನಮಗೇ ಕಾಲು ಏಳುವುದಿಲ್ಲ, ಅಲ್ವಾ? ಪೊಲೀಸ್ ವ್ಯಾನು ಹೋದ ಮೇಲೆ ಉಳಿಯುವ ಈ ದೂರದ ಬಗ್ಗೆಯೇ ನಾನು ಪ್ರಾಜೆಕ್ಟ್ ಮಾಡಿದ್ದು.

ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ಇದಕ್ಕೆ ನೆಲ್ಸನ್ ಮಂಡೇಲಾ ಹೆಸರಿನ ಕೇಂದ್ರವಿದೆ. ದೂರ ಕಳಿಸಲು ಅಪ್ಪನಿಗೆ ಹೆದರಿಕೆಯಾದರೆ ಮಣಿಪಾಲದ ಗಾಂಧಿಯನ್ ಸೆಂಟರ್‌ನಲ್ಲಿ ವಿಚಾರಿಸಿ. ಅಲ್ಲಿನ ಎಂ.ಎ.ಯಲ್ಲಿ ಶಾಂತಿ ಅಧ್ಯಯನವೂ ಸೇರಿದೆ. ಉಡುಪಿಯಿಂದ ಸಿಟಿ ಬಸ್ಸಿನಲ್ಲೇ ಹೋಗಿ ಬರಬಹುದು.
– ಓದುಗಿ, ಸುರತ್ಕಲ್

ಅಕ್ಕ, ಕೋರ್ಸಿನ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ. ಆದರೆ ‘ಅಪ್ಪನಿಗೆ ಊಟಕ್ಕೆ ಬರಲು ಹೇಳು’, ‘ಅವಳಿಗೆ ಫೋನ್ ಇಡಲು ಹೇಳು’ ಅಂತ ಇಬ್ಬರೂ ನಿಮ್ಮ ಕೈಯಲ್ಲೇ ಹೇಳಿಸುತ್ತಿದ್ದಾರಾ? ಇದ್ದರೆ ಅದನ್ನು ಇವತ್ತೇ ನಿಲ್ಲಿಸಿ. ನಮ್ಮನೆಯಲ್ಲಿ ಮಗ, ಅವನಪ್ಪ ಹೀಗೇ ಇದ್ದರು. ನಾನು ಎರಡು ತಿಂಗಳು ಮಾತು ಹೊತ್ತೆ. ಹೊತ್ತಷ್ಟೂ ಅವರಿಗೆ ಆರಾಮ ಆಯಿತು. ಕೊನೆಗೆ ‘ಬೇಕಿದ್ದರೆ ನೀವೇ ಕೇಳಿಕೊಳ್ಳಿ’ ಅಂದೆ. ಮೂರನೇ ದಿನ ಮಗ ಜಗಲಿಗೆ ಹೋಗಿ, ‘ಅಪ್ಪ, ಬೈಕಿನ ಕೀ ಎಲ್ಲಿ?’ ಅಂದ. ಅವರು ಎದ್ದು ಹುಡುಕಿ ಕೊಟ್ಟರು.
– ಗೃಹಿಣಿ, ಕುಂದಾಪುರ