ಟಾರ್ಕ್: ತಿರುಚುಬಲವೋ, ತಿರುಪೋ? (ಸಂಜೆಯೊಳಗೆ ಬೇಕು)

ನಮಸ್ಕಾರ. ಕಾರಿನ ಕೈಪಿಡಿಯೊಂದರ ಅನುವಾದ ಸಂಜೆಗೆ ಕೊಡಬೇಕು. ಹಾರ್ಸ್‌ಪವರ್‌ಗೆ ಅಶ್ವಶಕ್ತಿ ಎಂದಿಟ್ಟಿದ್ದೇನೆ. ಟಾರ್ಕ್‌ಗೆ ತಿರುಚುಬಲ ಆದೀತೇ? ಸಾಲು ಹೀಗಿದೆ: ‘ಪಿಕಪ್ ಬರುವುದು ಟಾರ್ಕ್‌ನಿಂದ, ಗರಿಷ್ಠ ವೇಗ ಅಶ್ವಶಕ್ತಿಯಿಂದ.’

——

ಆಗದು. ತಿರುಚುವುದು ಒದ್ದೆ ಬಟ್ಟೆಯನ್ನು. ಅದರ ಎರಡು ತುದಿ ಎದುರುಬದುರು ತಿರುಗಿ ನಡುವೆ ಹುರಿಗೊಳ್ಳುತ್ತದೆ. ‘ಬಲ’ವೂ ತಪ್ಪು. ಕಾಲು ಮೀಟರ್ ಸ್ಪ್ಯಾನರಿನ ತುದಿಗೆ 400 ನ್ಯೂಟನ್ ಬಲ ಹಾಕಿದರೆ ನಟ್ಟಿಗೆ 100 ನ್ಯೂಟನ್-ಮೀಟರ್ ಟಾರ್ಕ್. ಹಿಡಿ ಅರ್ಧ ಮೀಟರಾದರೆ ಅದೇ ಬಲಕ್ಕೆ 200. ಬಲ ಎಂದರೆ ಆ ಉದ್ದ ಎಲ್ಲಿ ಹೋಯಿತು? ತಿರುಗು, ತಿರುವು, ತಿರುಪು ಒಂದೇ ಬೇರಿನವು. ‘ತಿರುಪು’ ಎಂದು ಬರೆಯಿರಿ.

——

ತಿರುಪು ಎಂದರೆ ಓದುಗರಿಗೆ ಸ್ಕ್ರೂ. ಬೇರಿನ ಮಾತೇ ಆದರೆ ಟಾರ್ಕ್‌ನ ಲ್ಯಾಟಿನ್ ಬೇರಿಗೂ ತಿರುಚು ಎಂದೇ ಅರ್ಥ. ಗ್ಯಾರೇಜಿನಲ್ಲಿ ಎಲ್ಲರೂ ಅನ್ನುವುದು ಟಾರ್ಕ್, ಅದೇ ಇರಲಿ.

ಪದಕ್ಕಿಂತ ಆ ಸಾಲು ಕೆಟ್ಟದ್ದು. ಟಾರ್ಕನ್ನು ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು ಎಂಬುದರಿಂದ) ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟಿನಲ್ಲಿ ಪವರ್. ಅಶ್ವಶಕ್ತಿ ಅಳೆಯುವುದೂ ಅದನ್ನೇ. 2000 ಆರ್‌ಪಿಎಂನಲ್ಲಿ 200 ನ್ಯೂಟನ್-ಮೀಟರ್ ಕೊಡುವ ಎಂಜಿನ್ನಿಗೆ ಸುಮಾರು 42 ಕಿಲೋವ್ಯಾಟ್. 6000ದಲ್ಲಿ 100 ಕೊಡುವುದಕ್ಕೆ ಸುಮಾರು 63. ಎರಡೂ ಕಾರುಗಳ ಚಕ್ರ ನಿಮಿಷಕ್ಕೆ 500 ಸುತ್ತು ತಿರುಗುತ್ತಿರಲಿ. ಮೊದಲನೆಯದರ ಗೇರ್ ಅನುಪಾತ 4 (ಎಂಜಿನ್ನಿನ ನಾಲ್ಕು ಸುತ್ತಿಗೆ ಚಕ್ರದ್ದು ಒಂದು), ಟಾರ್ಕ್ ಅಷ್ಟೇ ಪಟ್ಟಾಗಿ ಚಕ್ರಕ್ಕೆ 800 ನ್ಯೂಟನ್-ಮೀಟರ್. ಎರಡನೆಯದರದು 12, ಚಕ್ರಕ್ಕೆ 1200. ಗೇರಿನಲ್ಲಿ ಸೋರುವುದನ್ನು ಬಿಟ್ಟ ಲೆಕ್ಕ ಇದು. ತೂಕ, ಚಕ್ರದ ಅಳತೆ ಒಂದೇ ಇದ್ದರೆ, ಎಂಜಿನ್ ಟಾರ್ಕ್ ಅರ್ಧವಿದ್ದೂ ಎರಡನೆಯದೇ ಮುಂದೆ. ಗೇರ್ ಬದಲಿಸದೆ ಹೋದಾಗ ಮಾತ್ರ ಪಿಕಪ್ ಟಾರ್ಕಿನ ಏರಿಳಿತವನ್ನೇ ಹಿಂಬಾಲಿಸುತ್ತದೆ. ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ ಕೊಡುವ ಎಂಜಿನ್ ‘ಎಳೆಯುತ್ತದೆ’ ಅನ್ನಿಸುವುದು ಅದಕ್ಕೇ.

——

ಟಾರ್ಕ್ ಬಿಡಿ, ಅಶ್ವಶಕ್ತಿಯನ್ನು ಯಾರೂ ಕೇಳಲಿಲ್ಲವಲ್ಲ! ಶಾಲೆಯ ವಿಜ್ಞಾನದಲ್ಲಿ ಶಕ್ತಿ ಎಂದರೆ ಎನರ್ಜಿ, ಪವರ್ ಎಂದರೆ ಸಾಮರ್ಥ್ಯ. ಸಂಸ್ಕೃತದ ಎರಡು ಪದ ಜೋಡಿಸಿ ಕನ್ನಡ ಅನ್ನುವ ಬದಲು ‘ಕುದುರೆಬಲ’ ಅನ್ನಬಾರದೇ?

——

ಬಾರದು. ಬಲ ಕನ್ನಡದ್ದೆಂದು ಯಾರು ಹೇಳಿದರು? ಅದೂ ಸಂಸ್ಕೃತವೇ. ಮೇಲಾಗಿ ಬಲವೆಂದರೆ ಫೋರ್ಸ್. ಒಂದು ತಪ್ಪು ತಿದ್ದಲು ಇನ್ನೊಂದು. ಅಶ್ವಶಕ್ತಿ ಪಂಪ್‌ಸೆಟ್ಟಿನ ಮೇಲೂ ಇದೆ, ರೂಢಿಯಾಗಿದೆ, ಮುಟ್ಟಬೇಡಿ.

——

ಅಶ್ವಶಕ್ತಿ, ಟಾರ್ಕ್ ಎರಡನ್ನೂ ಉಳಿಸಿದೆ. ಸಾಲು: ‘ಅದೇ ಗೇರಿನಲ್ಲಿ ಎಳೆತ ಟಾರ್ಕ್‌ನಂತೆ, ಗೇರ್ ಬದಲಿಸುತ್ತ ಹೋದರೆ ಪಿಕಪ್ ಅಶ್ವಶಕ್ತಿಯಂತೆ.’ ನಡೆದೀತೇ?

——

ನಡೆಯುತ್ತದೆ. ಮೂಲದಲ್ಲಿ ಪಿಎಸ್ (ಮೆಟ್ರಿಕ್ ಹಾರ್ಸ್‌ಪವರ್) ಇದೆಯೋ ಎಚ್‌ಪಿಯೋ ನೋಡಿ. ಪಿಎಸ್ 735.5 ವ್ಯಾಟ್, ಎಚ್‌ಪಿ 745.7. ಎರಡಕ್ಕೂ ಅಶ್ವಶಕ್ತಿ ಎಂದು ಬರೆದರೆ ಪಟ್ಟಿಯ ಅಂಕಿಗಳು ತಾಳೆಯಾಗವು.