ಸಿಡಿ ಡ್ರೈವ್ ಇಲ್ಲದ ಲ್ಯಾಪ್‌ಟಾಪ್‌ಗೆ ಎಂಬ್ರಾಯಿಡರಿ ಸಾಫ್ಟ್‌ವೇರ್ ಹಾಕುವುದು ಹೇಗೆ?

ಸೂಜಿದಾರ ಅಕ್ಕ, ಮಂಡ್ಯ
ನಮಸ್ಕಾರ. ಮಂಡ್ಯದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸ್‌ಗೆ ಕಂಪ್ಯೂಟರ್ ಎಂಬ್ರಾಯಿಡರಿ ಹಾಕಿಕೊಡುತ್ತೇನೆ. ಡಿಸೈನ್ ಮಾಡುವ ಸಾಫ್ಟ್‌ವೇರ್ ಮೆಷಿನ್ ಜೊತೆ ಸಿಡಿಯಲ್ಲಿ ಬಂದಿತ್ತು. ಈಗ ಹಳೇ ಕಂಪ್ಯೂಟರ್‌ನ ಮದರ್‌ಬೋರ್ಡ್ ಹೋಗಿದೆ. ಹೊಸ ಲ್ಯಾಪ್‌ಟಾಪ್ ವಿಂಡೋಸ್ 11. ಅದಕ್ಕೆ ಸಿಡಿ ಹಾಕುವ ಜಾಗವೇ ಇಲ್ಲ. ಸಾಫ್ಟ್‌ವೇರ್‌ನ ಯುಎಸ್‌ಬಿ ಡಾಂಗಲ್ (ಇದನ್ನು ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ) ಜೋಪಾನವಾಗಿದೆ.

ಡಿಸೈನ್ ಸಿಡಿಗಳೂ ಒಂದು ಡಬ್ಬ ತುಂಬ ಇವೆ. ನವಿಲು, ಮಾವಿನಕಾಯಿ ಬುಟ್ಟಾ, ತೋಳಿನ ಬಾರ್ಡರ್, ಎಲ್ಲಾ ರಾತ್ರಿ ಕೂತು ನಾನೇ ಮಾಡಿದ್ದು. ಇಲ್ಲೊಬ್ಬರು ಕ್ರ್ಯಾಕ್, ಅಂದರೆ ಬೀಗ ಮುರಿದ ಕಳ್ಳ ಕಾಪಿ, ಹಾಕಿಕೊಡುತ್ತೇನೆ ಅಂದರು. ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್‌ಗೆ ಕ್ರ್ಯಾಕ್ ಯಾಕೆ? ನನಗೆ ಮನಸ್ಸಿಲ್ಲ. ಆಷಾಢ ಮುಗಿದರೆ ಮದುವೆ ಬ್ಲೌಸ್‌ಗಳು ಶುರುವಾಗುತ್ತವೆ. ದಯವಿಟ್ಟು ದಾರಿ ಹೇಳಿ.

ಶಿವರಾಂಪೇಟೆ ರಿಪೇರಿ, ಮೈಸೂರು
ಅಕ್ಕಾ, ಕ್ರ್ಯಾಕ್ ಬೇಡವೇ ಬೇಡ. ಅದರ ಜೊತೆ ವೈರಸ್ ಬರುವುದು ಜಾಸ್ತಿ.

ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಯಾರ ಹತ್ತಿರವಾದರೂ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಇಲ್ಲದಿದ್ದರೆ, ಡ್ರೈವ್ ಇರುವ ಕಂಪ್ಯೂಟರ್‌ನಲ್ಲಿ ಇಮ್ಗ್‌ಬರ್ನ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಸಿಡಿಯಿಂದ ಐಎಸ್‌ಒ ಫೈಲ್ (ಇಡೀ ಸಿಡಿಯ ನಕಲು ಒಂದೇ ಫೈಲ್‌ನಲ್ಲಿ) ಮಾಡಿಸಿ. ಸಿಡಿಯಲ್ಲಿ ಹಿಡಿಯುವುದೇ 700 ಎಂಬಿ, ಸಣ್ಣ ಪೆನ್‌ಡ್ರೈವ್ ಸಾಕು. ಲ್ಯಾಪ್‌ಟಾಪ್‌ನಲ್ಲಿ ಆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹೊಸದೊಂದು ಡ್ರೈವ್ ಕಾಣಿಸುತ್ತದೆ. ಅದರೊಳಗಿನ ಸೆಟಪ್ ಓಡಿಸಿ. ಸುಮ್ನೆ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೂ ಎಷ್ಟೋ ಸಲ ನಡೆಯುತ್ತದೆ. ಆದರೆ ಕೆಲವು ಸೆಟಪ್‌ಗಳು ಸಿಡಿ ಎಲ್ಲಿ ಅಂತ ಕೇಳುತ್ತವೆ. ಐಎಸ್‌ಒ ಇದ್ದರೆ ಆ ತಕರಾರು ಕಡಿಮೆ.

ಇನ್ನೊಂದು ಮಾತು. ಮದರ್‌ಬೋರ್ಡ್ ಹೋದರೆ ಹಾರ್ಡ್ ಡಿಸ್ಕ್ ಹೋಯಿತು ಅಂತಲ್ಲ. ಅದನ್ನು ಬಿಚ್ಚಿ, ಸಾಟಾ–ಯುಎಸ್‌ಬಿ ಅಡಾಪ್ಟರ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸೇರಿಸಬಹುದು (ಸಾಟಾ ಅಂದರೆ ಕಂಪ್ಯೂಟರ್ ಒಳಗೆ ಡಿಸ್ಕ್, ಡ್ರೈವ್ ಸೇರಿಸುವ ಕನೆಕ್ಟರ್). ಹಳೇ ಡಿವಿಡಿ ಡ್ರೈವ್ ಸಾಟಾ ಆಗಿದ್ದರೆ ಅದಕ್ಕೂ ಅದೇ ಅಡಾಪ್ಟರ್ ಆಗುತ್ತದೆ. 12 ವೋಲ್ಟ್ ಪವರ್ ಪ್ಲಗ್ ಜೊತೆಗಿರುವುದನ್ನೇ ಕೇಳಿ ತಗೊಳ್ಳಿ. ಬರೀ ಕೇಬಲ್ ಸಾಲದು.

ಹಳೇ ವಿಂಡೋಸ್
ಡಾಂಗಲ್ ಬಗ್ಗೆ ಹುಷಾರು. ಸಿಡಿಯಲ್ಲಿರುವ ಹಳೇ ಡ್ರೈವರ್ (ಡಾಂಗಲ್ ಅನ್ನು ವಿಂಡೋಸ್‌ಗೆ ಗುರುತು ಹಿಡಿಸುವ ಸಾಫ್ಟ್‌ವೇರ್) ಹಾಕಬೇಡಿ, ವಿಂಡೋಸ್ 11 ಒಪ್ಪದೇ ಇರಬಹುದು. ಡಾಂಗಲ್ ಮೇಲೆ ಹಾಸ್ಪ್ ಅಂತ ಬರೆದಿದ್ದರೆ ಈಗ ಅದು ಥೇಲ್ಸ್ ಕಂಪನಿಯದು, ಅವರ ಸೈಟ್‌ನಲ್ಲಿ ಹೊಸ ಡ್ರೈವರ್ ನೋಡಿ. ಡಾಂಗಲ್ ತೆಗೆದಿಟ್ಟು ಡ್ರೈವರ್ ಹಾಕಿ, ಆಮೇಲೆ ಚುಚ್ಚಿ. ಸೆಟಪ್ ತೀರಾ ಹಳೇ ವಿಂಡೋಸ್‌ನ 16 ಬಿಟ್ ಕಾಲದ್ದಾಗಿದ್ದರೆ ಮಾತ್ರ ಕಷ್ಟ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲೇ, ಅದರಲ್ಲಿ ಅಂಥ ಸೆಟಪ್ ತೆರೆಯುವುದಿಲ್ಲ.

ಸೂಜಿದಾರ ಅಕ್ಕ, ಮಂಡ್ಯ
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಡಾಪ್ಟರ್ ತರಿಸಿದೆ. ಹಳೇ ಡ್ರೈವ್ ಸಿಡಿ ಓದಿತು, ಸೆಟಪ್ ಆಯಿತು. ಹೊಸ ಡ್ರೈವರ್ ಹಾಕಿದ ಮೇಲೆ ಡಾಂಗಲ್ ಲೈಟೂ ಹತ್ತಿತು. ಡಿಸೈನ್ ಸಿಡಿಗಳಿಗೆ ಏನು ಮಾಡಲಿ? ಒಂದೆರಡು ಅರ್ಧಕ್ಕೇ ನಿಲ್ಲುತ್ತಿವೆ.

ಶಿವರಾಂಪೇಟೆ ರಿಪೇರಿ, ಮೈಸೂರು
ಖುಷಿಯಾಯ್ತು ಅಕ್ಕಾ. ಡಿಸೈನ್ ಫೈಲ್‌ಗಳನ್ನು ಇನ್‌ಸ್ಟಾಲ್ ಮಾಡಬೇಕಿಲ್ಲ, ಕಾಪಿ ಮಾಡಿದರೆ ಸಾಕು. ಮನೆಯಲ್ಲಿ ಬರೆದ ಸಿಡಿ ವರ್ಷ ಕಳೆದಂತೆ ಕೆಡುತ್ತದೆ. ಅದಕ್ಕೇ ಚೆನ್ನಾಗಿ ಓದುತ್ತಿರುವುದನ್ನೆಲ್ಲ ಈ ವಾರವೇ ಲ್ಯಾಪ್‌ಟಾಪ್‌ಗೂ ಒಂದು ಪೆನ್‌ಡ್ರೈವ್‌ಗೂ ಹಾಕಿಡಿ. ನಿಲ್ಲುತ್ತಿರುವುದನ್ನು ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಆಗಲೂ ಓದದಿದ್ದರೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು.